ನನ್ನ ಹೊಟ್ಟೆಗಾಗಿ ನಿಂತ ಬಸ್ಸು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಸಂಡಾಸ ಎಲ್ಲಿದೆ ಎಂದು. ಹೊಸ ಮನೆಯ ಪ್ರವೇಶಕ್ಕೆ ಕರೆದವರು ದೇವರ ಜಗಲಿ ತೋರಿಸುತ್ತಾರೆ, ಅಡುಗೆಮನೆಯ ಕಪ್ಪು ಕಲ್ಲಿನ ಕಟ್ಟೆ ತೋರಿಸುತ್ತಾರೆ, ಮಾಳಿಗೆ ಹತ್ತಿಸಿ ಯಾದಗಿರಿಯ ಕೋಟೆ ಗುಡ್ಡವನ್ನೂ ತಮ್ಮದೇ ಆಸ್ತಿಯೆಂಬಂತೆ ತೋರಿಸುತ್ತಾರೆ. ನಾನು ಎಲ್ಲದಕ್ಕೂ "ಭಾಳ ಚೊಲೊ ಆಗ್ಯಾದ್ರಿ" ಅನ್ನುತ್ತೇನೆ. ಆದರೆ ಹೊಸ್ತಿಲು ದಾಟಿದ ಗಳಿಗೆಯಲ್ಲೇ, ಮೆಟ್ಟಿಲ ಕೆಳಗಿರುವ ಆ ಸಣ್ಣ ಪ್ಲಾಸ್ಟಿಕ್ ಬಾಗಿಲನ್ನು ಗುರುತು ಹಾಕಿಕೊಂಡಿರುತ್ತೇನೆ. ಕಲ್ಯಾಣ ಮಂಟಪವಾದರೆ ಮದುಮಕ್ಕಳಿಗಿಂತ ಮೊದಲು ಅದರ ದರ್ಶನ. ಸಿನಿಮಾಕ್ಕೆ ಹೋದರೆ ಸಾಲಿನ ತುದಿಯ ಕುರ್ಚಿಯೇ ಬೇಕು. ನಡುವೆ ಕೂತವರಿಗೆ ಕಥೆ ಪೂರ್ತಿ ಸಿಗುತ್ತದೆ, ನಿಜ. ನನಗೆ ನೆಮ್ಮದಿ ಸಿಗುತ್ತದೆ.

"ನೀ ಊರಿನ ನಕಾಶಿ ಬರದ್ರ ಅದರಾಗ ಗುಡಿ, ಮಸೂತಿ, ಪೊಲೀಸ್ ಠಾಣಾ ಒಂದೂ ಇರಂಗಿಲ್ಲ. ಬರೇ ಸಂಡಾಸ ಇರ್ತಾವ" ಎಂದು ನಮ್ಮ ಮನೆಯವರು ನಗುತ್ತಾರೆ. ಅವರು ಯಾದಗಿರಿಯಲ್ಲಿ ರೈಲ್ವೆ ನೌಕರರು. ನಗಲಿ ಬಿಡಿ. ಶಹಾಪುರದಲ್ಲಿ, ಸುರಪುರದಲ್ಲಿ, ಯಾದಗಿರಿಯಲ್ಲಿ ಎಲ್ಲೆಲ್ಲಿ ನೀರು ಬರುತ್ತದೆ, ಎಲ್ಲಿ ಚಿಲಕ ಬೀಳುವುದಿಲ್ಲ, ಯಾವ ಬಟ್ಟೆ ಅಂಗಡಿಯವರು ಸೀರೆ ಕೊಳ್ಳದಿದ್ದರೂ ಮುಖ ಗಂಟಿಕ್ಕದೆ ಹಿಂದಿನ ಬಾಗಿಲು ತೋರಿಸುತ್ತಾರೆ, ಇವೆಲ್ಲ ನನಗೆ ಬಾಯಿಪಾಠ. ಇಷ್ಟು ವಿದ್ಯೆ ನಾನು ಬಿ.ಎಡ್. ಮಾಡಿಯೂ ಸಂಪಾದಿಸಿರಲಿಲ್ಲ.

ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀರ್ಣಾಂಗಗಳ ಪಾಠ ಬಂತೆಂದರೆ ಹಲಗೆಯ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತೇನೆ. ಅನ್ನನಾಳ, ಜಠರ, ಸುರುಳಿ ಸುರುಳಿಯಾದ ಸಣ್ಣ ಕರುಳು, ಅದರ ಸುತ್ತ ಬಾಗಿಲ ಚೌಕಟ್ಟಿನಂತೆ ದೊಡ್ಡ ಕರುಳು. "ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತದೆ" ಎಂದು ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತೇನೆ. ಹಾಗೆ ಹೇಳಿಸುತ್ತಿರುವಾಗಲೇ ನನ್ನ ದೊಡ್ಡ ಕರುಳು ಒಳಗಿನಿಂದ ಗುಡುಗುಡು ಎಂದು ತನ್ನ ಭಿನ್ನಾಭಿಪ್ರಾಯ ತಿಳಿಸಿದ್ದುಂಟು. ಒಮ್ಮೆ ಸುಡುಸುಡು ಬಿಸಿಲಿನ ದಿನ ಮೊದಲ ಬೆಂಚಿನ ಹುಡುಗಿಯೊಬ್ಬಳು ಆ ಸದ್ದಿಗೆ ಕಿಟಕಿಯಾಚೆ ಬಗ್ಗಿ ನೋಡಿ, "ಟೀಚರ್, ಮಳಿ ಬರೂ ಹಂಗ ಅದ" ಅಂದಿದ್ದಳು. "ಹೌದು, ಬರಬಹುದು" ಅಂದು ಪಾಠ ಮುಂದುವರಿಸಿದೆ. ಸುಳ್ಳೇನೂ ಹೇಳಲಿಲ್ಲ.

ಆ ತರಗತಿಯ ಹೊರಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಒಂದು ಗಾದೆ ಬರೆಸಿದ್ದಾರೆ: 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಹಿರಿಯರ ಮಾತಿಗೆ ಎದುರಾಡಬಾರದು. ಆದರೂ ಆ ಗಾದೆ ಕಟ್ಟಿದ ಪುಣ್ಯಾತ್ಮನ ಹೊಟ್ಟೆ ಬಹಳ ಗಟ್ಟಿ ಇದ್ದಿರಬೇಕು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಊಟವನ್ನು ನನ್ನಷ್ಟು ಬಲ್ಲವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ತುತ್ತು ತುತ್ತಿಗೂ ವಿಚಾರಣೆ ಮಾಡಿಯೇ ಒಳಗೆ ಬಿಡುತ್ತೇನೆ. ರೋಗ ಮಾತ್ರ ಇದೆ.

ಅದು ಶುರುವಾದದ್ದು ನನ್ನ ತವರು ಸುರಪುರದಲ್ಲಿ, ತಮ್ಮನ ಮದುವೆ ಮುಗಿದ ಮೇಲೆ. ಉಳಿದ ಅಡುಗೆಯನ್ನು ಹಾಳು ಮಾಡಬಾರದೆಂದು ಮರುದಿನ ಮನೆಮಂದಿಯೆಲ್ಲ ಉಂಡು, ಎಲ್ಲರೂ ಸಾಲಾಗಿ ಮಲಗಿದೆವು. ವಾಂತಿ, ಭೇದಿ. ನಾಲ್ಕು ದಿನದಲ್ಲಿ ಎಲ್ಲರೂ ಎದ್ದು ಓಡಾಡಿದರು. ನನ್ನ ಹೊಟ್ಟೆ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ಒಂದು ವಾರ ದಿನಕ್ಕೆ ಹಲವು ಸಲ ಓಡಿಸುವುದು, ಮರುವಾರ ಪೂರ್ತಿ ಮುಷ್ಕರ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಡೊಳ್ಳಿನಂತೆ ಉಬ್ಬುವುದು, ಹೊಕ್ಕುಳ ಕೆಳಗೆ ಹಿಂಡಿದಂತೆ ನುಲಿತ, ಹೋಗಿ ಬಂದರೆ ತುಸು ಆರಾಮ, ಮತ್ತೆ ಅದೇ.

ನಮ್ಮವ್ವ ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ. "ಬಟ್ಟಿ ಸರದಾದ" ಎಂದು ತೀರ್ಮಾನ ಕೊಟ್ಟಳು. ಹೊಕ್ಕುಳು ತನ್ನ ಜಾಗದಿಂದ ಜಾರಿದೆ ಎಂದರ್ಥ. ಜಾರಿದ್ದನ್ನು ಕರೆತರಲು ಒಬ್ಬ ಅಜ್ಜಿ ಬಂದು ಔಡಲೆಣ್ಣೆ ಹಚ್ಚಿ ನನ್ನ ಹೊಟ್ಟೆಯನ್ನು ರೊಟ್ಟಿ ಹಿಟ್ಟು ನಾದಿದಂತೆ ನಾದಿದಳು. ಅದಾದ ಮೇಲೆ ಅಜವಾನ, ಇಂಗಿನ ಮಜ್ಜಿಗೆ, ಮೆಂತ್ಯದ ಪುಡಿ. ಕೊನೆಗೆ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ದೃಷ್ಟಿ ತೆಗೆದಳು.

"ಮದುವ್ಯಾಗ ಹಸಿರು ಇಳಕಲ್ ಸೀರಿ ಉಟ್ಟಿದ್ದಿ ನೋಡು, ಯಾರದೋ ಕಣ್ಣು ಬಿದ್ದಾದ."

"ಸೀರಿ ಮ್ಯಾಲ ಕಣ್ಣು ಬಿದ್ರ ಸೀರಿ ಹರೀಬೇಕಲ್ಲ ಯವ್ವಾ, ಹೊಟ್ಟಿ ಯಾಕ ಕೆಡ್ತದ?"

"ವಿಜ್ಞಾನ ಓದಿ ನಿನ್ನ ನಾಲಗಿ ಉದ್ದ ಆಗ್ಯಾದ, ಅಷ್ಟೇ" ಎಂದು ಅವ್ವ ಮೆಣಸಿನಕಾಯಿಯನ್ನು ಒಲೆಗೆ ಎಸೆದಳು. ಘಾಟು ಏಳಲೇ ಇಲ್ಲ ಅಂದಳು. ಘಾಟು ಏಳದಿದ್ದರೆ ದೃಷ್ಟಿ ಆಗಿರುವುದು ಖಾತ್ರಿಯಂತೆ. ನನಗೆ ಮಾತ್ರ ಕೆಮ್ಮು ಬಂತು.

ಮನೆಮದ್ದು ಮುಗಿದ ಮೇಲೆ ಕಲಬುರಗಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ್ದಾಯಿತು. ರಕ್ತ, ಮಲ, ಸ್ಕ್ಯಾನಿಂಗ್, ಕ್ಯಾಮೆರಾ ಇರುವ ನಳಿಕೆ, ಏನೂ ಬಿಡಲಿಲ್ಲ. ಎಲ್ಲದರ ಕೊನೆಯಲ್ಲೂ ಒಂದೇ ಶಬ್ದ: ನಾರ್ಮಲ್. ಬೇರೆಯವರು ಆ ಶಬ್ದ ಕೇಳಿ ದೇವರಿಗೆ ಕಾಯಿ ಒಡೆಸುತ್ತಾರೆ. ನಾನು ಒಂದು ಸಣ್ಣ ಹರಳಾದರೂ ಸಿಕ್ಕಿದ್ದರೆ ಎಂದು ಆಸೆಪಟ್ಟೆ. ತೋರಿಸಲು ಏನಾದರೂ ಬೇಕಲ್ಲ! ನಾರ್ಮಲ್ ಎಂದ ಮೇಲೆ ಬಂಧುಬಳಗದಲ್ಲಿ ನನ್ನ ನೋವಿಗೆ ಬೆಲೆ ಇಳಿಯಿತು. "ಏನೂ ಇಲ್ಲಂತ ಮಷೀನೇ ಹೇಳ್ಯಾದ. ಇದೆಲ್ಲ ಮನಸಿನ ಭ್ರಮಾ" ಎಂದು ಒಬ್ಬರು ನನ್ನೆದುರೇ ಅಂದರು. ಆಗ ನನ್ನ ಹೊಟ್ಟೆ ನುಲಿಯುತ್ತಿತ್ತು. ಭ್ರಮೆಗೆ ಅಷ್ಟು ಬೆವರು ಬರುತ್ತದೆಯೇ?

ಹೆಸರು ಸಿಕ್ಕಿದ್ದು ಯಾದಗಿರಿಯಲ್ಲಿಯೇ, ಒಬ್ಬ ಹಿರಿಯ ವೈದ್ಯರ ಬಳಿ. ಅವರು ರಿಪೋರ್ಟುಗಳ ಕಟ್ಟನ್ನು ಪಕ್ಕಕ್ಕಿಟ್ಟು ಮೊದಲು ನನ್ನ ಮಾತು ಕೇಳಿದರು. ನಿದ್ದೆ ಹೇಗಿದೆ, ಶಾಲೆ ಹೇಗಿದೆ, ಏನು ತಿಂದ ದಿನ ಹೆಚ್ಚಾಗುತ್ತದೆ, ರಜೆಯಲ್ಲಿ ಕಡಿಮೆಯಾಗುತ್ತದೆಯೇ ಎಂದೆಲ್ಲ ಕೇಳಿ, ಇದಕ್ಕೆ ಇರಿಟಬಲ್ ಬಾವೆಲ್ ಸಿಂಡ್ರೋಮ್ ಅನ್ನುತ್ತಾರೆ, ಚಿಕ್ಕದಾಗಿ ಐಬಿಎಸ್ ಅಂದರು.

"ನಿಮ್ಮ ಕರುಳಾಗ ಗಾಯ ಇಲ್ಲ, ಗಡ್ಡಿ ಇಲ್ಲ. ಅದಕ್ಕೇ ಕ್ಯಾಮೆರಾಕ್ಕ ಏನೂ ಸಿಗಲಿಲ್ಲ. ಕೆಟ್ಟಿದ್ದು ಅದರ ನಡಿಗಿ. ಒಮ್ಮೆ ಓಡ್ತದ, ಒಮ್ಮೆ ನಿಂತು ಬಿಡ್ತದ. ಮಂದಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿದ್ರೂ ನಿಮ್ಮ ಕರುಳಿಗೆ ನೋವಾಗ್ತದ. ಮಿದುಳಿಗೂ ಕರುಳಿಗೂ ನಡುವ ಯಾವಾಗಲೂ ಮಾತುಕತಿ ನಡದಿರ್ತದ. ನಿಮ್ಮಲ್ಲಿ ಅದು ಸ್ವಲ್ಪ ಜೋರಾಗ್ಯಾದ. ಹಂಗಾಗಿ ಕಾಳಜಿ, ಜಗಳ, ನಿದ್ದಿಗೇಡು, ಎಲ್ಲಾ ಹೊಟ್ಟಿಗೇ ಬಂದು ಬಡೀತಾವ."

"ಅಂದ್ರ ಇದು ಭ್ರಮಾ ಅಲ್ಲೇನ್ರಿ?"

"ಯಾರಂದ್ರು ಭ್ರಮಾ ಅಂತ? ನೋವು ಖರೇ ಅದ, ರೋಗಾನೂ ಖರೇ ಅದ."

ನನಗೆ ಅಳು ಬಂತು. ರೋಗ ಇದೆ ಎಂದು ಖಾತ್ರಿಯಾಗಿದ್ದಕ್ಕೆ ಸಂತೋಷದಿಂದ ಅತ್ತವರನ್ನು ಆ ವೈದ್ಯರು ನೋಡಿದ್ದರೋ ಇಲ್ಲವೋ. ಕಣ್ಣೊರೆಸಿಕೊಂಡು, "ಪೂರ್ತಿ ಹೋಗ್ತದೇನ್ರಿ?" ಎಂದು ಕೇಳಿದೆ.

"ಹೋಗ್ತದಂತ ಸುಳ್ಳು ಹೇಳಂಗಿಲ್ರಿ. ಬರ್ತದ, ಕಡಿಮಿ ಆಗ್ತದ, ಮತ್ತ ಬರ್ತದ. ಆದ್ರ ಇದು ಮುಂದ ಕ್ಯಾನ್ಸರ್ ಆಗಂಗಿಲ್ಲ, ಜೀವ ತಗೊಳ್ಳಂಗಿಲ್ಲ. ರಕ್ತ ಹೋದ್ರ, ಸುಮ್ಮಸುಮ್ಮನ ತೂಕ ಇಳದ್ರ, ನಿದ್ದಿಯಿಂದ ಎಬ್ಬಿಸೂವಂಥ ನೋವಾದ್ರ ಮಾತ್ರ ಕಾಯಬ್ಯಾಡ್ರಿ, ಅವತ್ತೇ ಬರ್ರಿ. ಉಳದಂಗ ನಿಮ್ಮ ಹೊಟ್ಟಿ ಜೋಡಿ ನೀವೇ ಸಂಸಾರ ಮಾಡಬೇಕು."

ಸಂಸಾರ ಶುರುವಾಯಿತು. ಒಂದೊಂದೇ ಪದಾರ್ಥ ಬಿಟ್ಟು ನೋಡಿ, ಮತ್ತೆ ತಿಂದು ನೋಡಿ ಎಂದು ವೈದ್ಯರು ಹೇಳಿಕೊಟ್ಟಿದ್ದರು. ಹಾಲು ನನಗೆ ಆಗದು ಎಂದು ಗೊತ್ತಾಯಿತು. ಕಡಲೆಬೇಳೆ ಆಗದು, ಹಸಿ ಉಳ್ಳಾಗಡ್ಡಿ ಆಗದು, ಖಾರ ಮಿತಿ ಮೀರಿದರೆ ಆಗದು. ಬದನೆಕಾಯಿ ಬಗ್ಗೆ ಎಲ್ಲರೂ ಹೆದರಿಸಿದ್ದರು. ಅದು ಪಾಪ ಏನೂ ಮಾಡಲಿಲ್ಲ. ಜೋಳದ ರೊಟ್ಟಿಯಂತೂ ನನಗೆ ಎಂದೂ ಕೈಕೊಟ್ಟಿಲ್ಲ. ಇದು ನನ್ನ ಹೊಟ್ಟೆಯ ಮಾತು, ನೆನಪಿರಲಿ. ನಿಮ್ಮ ಹೊಟ್ಟೆಯ ನ್ಯಾಯ ಬೇರೆಯೇ ಇದ್ದೀತು. ಹಾಲಿನ ಚಹಾ ಬಿಡುವಾಗ ತವರು ಬಿಟ್ಟಷ್ಟೇ ಸಂಕಟವಾಯಿತು.

ಅವ್ವನಿಗೆ ಫೋನಿನಲ್ಲಿ ರೋಗದ ಹೆಸರು ಹೇಳಿದೆ. ಅವಳಿಗೆ ಮೊದಲ ಎರಡು ಅಕ್ಷರ ಮಾತ್ರ ಕೇಳಿಸಿತು. "ಐಬಿ ಅಂದ್ರ ಸಾಹೇಬ್ರು ಬಂದು ಇಳಕೊಳ್ಳೋ ಬಂಗ್ಲೆ ಅಲ್ಲೇನು?" ಅಂದಳು.

"ಹೌದು ಯವ್ವಾ. ನನ್ನ ಹೊಟ್ಟ್ಯಾಗೂ ಒಬ್ಬ ಸಾಹೇಬ ಬಂದು ಇಳಕೊಂಡಾನ. ಹೋಗವಲ್ಲ."

"ಅಂಥವ್ರಿಗೆ ಟೈಮ್ ಟೈಮಿಗೆ ಊಟ ಕೊಟ್ಟು, ಸಿಟ್ಟಿಗೆಬ್ಬಿಸದಂಗ ನೋಡ್ಕೋಬೇಕು" ಅಂದಳು ಅವ್ವ. ವೈದ್ಯರು ಅರ್ಧ ಗಂಟೆ ಹೇಳಿದ್ದನ್ನೇ ಅವಳು ಒಂದೇ ಉಸಿರಿನಲ್ಲಿ ಮುಗಿಸಿದ್ದಳು.

ಇಷ್ಟಾದರೂ ಒಂದು ಕೆಲಸ ಬಾಕಿ ಉಳಿದಿತ್ತು. ಮನೆಯ ಹೊರಗೆ ಯಾರಿಗೂ ನಾನು ಇದನ್ನು ಹೇಳಿರಲಿಲ್ಲ. ತಲೆನೋವಿಗೆ ಮರ್ಯಾದೆ ಇದೆ, ಸೊಂಟನೋವಿಗೂ ಇದೆ. ಹೊಟ್ಟೆ ಕೆಟ್ಟಿದ್ದಕ್ಕೆ ಇಲ್ಲ. ಅದರಲ್ಲೂ ಹೆಣ್ಣುಮಗಳು, ಮೇಲಾಗಿ ಟೀಚರ್! ಶಾಲೆಯಲ್ಲಿ ನಾನು ವರ್ಷಗಟ್ಟಲೆ ತಲೆನೋವಿನವಳಾಗಿದ್ದೆ. ಸಹೋದ್ಯೋಗಿಗಳು ನನಗಾಗಿ ಮೇಜಿನ ಡ್ರಾವರಿನಲ್ಲಿ ತಲೆನೋವಿನ ಮುಲಾಮು ಇಟ್ಟಿದ್ದರು. ಹೊಟ್ಟೆ ಹಿಡಿದುಕೊಂಡು ಹಣೆಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಕೂರುತ್ತಿದ್ದೆ.

ಎಲ್ಲಕ್ಕಿಂತ ಹೆದರಿಕೆ ಬಸ್ಸಿನದು. ಯಾದಗಿರಿಯಿಂದ ಶಹಾಪುರಕ್ಕೆ ದಿನಾ ಹೋಗಿ ಬರಬೇಕು. ಭೀಮಾ ನದಿಯ ಸೇತುವೆ ದಾಟಿದ ಮೇಲೆ ಬರೀ ಹೊಲ. ಕಾಲುವೆ ನೀರಿನ ಭತ್ತದ ಗದ್ದೆ, ಹತ್ತಿ, ಮೆಣಸಿನಕಾಯಿ. ನೋಡುವವರಿಗೆ ಕಣ್ಣಿಗೆ ಹಬ್ಬ. ನನಗೆ ಮಾತ್ರ ಬಾಗಿಲೇ ಇಲ್ಲದ ಬಯಲು. ಬಸ್ಸು ಹತ್ತುವ ಮೊದಲೇ ಹೊಟ್ಟೆ ನುಲಿಯತೊಡಗುತ್ತಿತ್ತು. ನುಲಿಯುತ್ತದೇನೋ ಎಂಬ ಹೆದರಿಕೆಗೇ ನುಲಿಯುತ್ತಿತ್ತು. ಒಂದು ದಿನ ಬೇಸತ್ತು, ನೌಕರಿ ಬಿಡುತ್ತೇನೆ ಎಂದೆ.

ನಮ್ಮ ಮನೆಯವರು ಈ ಸಲ ನಗಲಿಲ್ಲ. "ಹೊಟ್ಟಿ ಸಲುವಾಗಿ ನೌಕರಿ ಮಾಡೋರನ್ನ ನೋಡೀನಿ. ಹೊಟ್ಟಿ ಸಲುವಾಗಿ ಬಿಡೋರನ್ನ ನೋಡಿಲ್ಲ. ಈ ವರ್ಷ ಒಂದು ಮುಗೀಲಿ, ಆಮ್ಯಾಲ ನೋಡೂಣು" ಎಂದರು. ನಾನು ಮನಸ್ಸಿನಲ್ಲಿ ಆಗಲೇ ಬಿಟ್ಟಾಗಿತ್ತು.

ಆ ವರ್ಷ ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ನಮ್ಮ ಶಾಲೆಗೆ ಅಧಿಕಾರಿಗಳು ಬರುವವರಿದ್ದರು. ನನ್ನ ಪಾಠ ನೋಡುವವರಿದ್ದರು. ಹೊಟ್ಟೆ ಖಾಲಿ ಇದ್ದರೆ ತಂಟೆ ಇಲ್ಲ ಎಂದು ತಿಳಿದು ಏನೂ ತಿನ್ನದೆ ಹೊರಟೆ. ಅದು ತಪ್ಪು ಲೆಕ್ಕ. ಬಸ್ ನಿಲ್ದಾಣದಲ್ಲಿ ಗಾಬರಿಗೆ ಗಂಟಲು ಒಣಗಿ, ಕೈ ತಾನಾಗಿಯೇ ಒಂದು ಹಾಲಿನ ಚಹಾ ಹಿಡಿದುಬಿಟ್ಟಿತು. ಅದು ಅದಕ್ಕಿಂತ ದೊಡ್ಡ ತಪ್ಪು. ಸೇತುವೆ ದಾಟಿ ಬಸ್ಸು ವೇಗ ಹಿಡಿಯುವ ಹೊತ್ತಿಗೆ ಒಳಗಿನ ಸಾಹೇಬರು ಎದ್ದು ನಿಂತರು. ಕಿವಿ ತಣ್ಣಗಾಯಿತು, ಕುತ್ತಿಗೆಯ ಮೇಲೆ ಬೆವರು. ದಾರಿಯ ಮುಂದಿನ ಊರು ದೋರನಹಳ್ಳಿ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ತಡೆಯಲಾರೆ ಎಂದು ಗೊತ್ತಾಯಿತು.

"ರಸೂಲ್ ಸಾಬ್, ಗಾಡಿ ನಿಲ್ಲಿಸ್ರಿ."

ಕಂಡಕ್ಟರ್ ರಸೂಲ್ ಸಾಬ್ ದಿನಾ ನೋಡುವ ಮುಖ. "ಇಲ್ಲಿ ಸ್ಟಾಪ್ ಇಲ್ರಿ ಟೀಚರ್."

"ನಿಲ್ಲಿಸ್ರಿ ಅಂದೆ!"

ನನ್ನ ದನಿಗೆ ನಾನೇ ಬೆಚ್ಚಿದೆ. ಸೀಟಿ ಊದಿದರು, ಬಸ್ಸು ನಿಂತಿತು. ರಸ್ತೆಯ ಪಕ್ಕ ಒಂದೇ ಒಂದು ಮನೆ. ಅಂಗಳದಲ್ಲಿ ತಾಡಪಾಲಿನ ಮೇಲೆ ಕೆಂಪು ಮೆಣಸಿನಕಾಯಿ ಹರಡುತ್ತಿದ್ದ ನಡುವಯಸ್ಸಿನ ಹೆಂಗಸು ತಲೆಯೆತ್ತಿದಳು. ನನ್ನ ನಡಿಗೆ ನೋಡಿಯೇ ಆಕೆಗೆ ಎಲ್ಲ ತಿಳಿಯಿತು. ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತೋರಿಸಿದಳು. "ಮನಿ ಹಿಂದ ಅದ ನೋಡ್ರಿ. ಬಕೀಟ್ ತುಂಬ್ಯಾದ. ಹೋಗ್ರಿ, ಹೋಗ್ರಿ."

ತಗಡಿನ ಬಾಗಿಲು ಹಾಕಿಕೊಂಡೆ. ಜೀವ ವಾಪಸು ಬರುತ್ತಿದ್ದಂತೆ ಕಿವಿಯೂ ವಾಪಸು ಬಂತು. ಹೊರಗೆ ಬಸ್ಸಿನ ಹಾರ್ನು ಒದರುತ್ತಿತ್ತು. ನನ್ನನ್ನು ಬಿಟ್ಟು ಹೋಗುತ್ತದೆ, ಪಾಠ ತಪ್ಪುತ್ತದೆ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಆ ಹೆಂಗಸಿನ ಗಟ್ಟಿ ದನಿ ಕೇಳಿಸಿತು. ಆಕೆ ಹೋಗಿ ಬಸ್ಸಿನ ಮುಂದೆಯೇ ನಿಂತಿದ್ದಳು!

"ಏ ಯವ್ವಾ, ಸರಿ ಆಕಡಿ. ಟೈಮ್ ಆಗ್ಯಾದ" ಎಂದು ಡ್ರೈವರ್.

"ಟೈಮ್ ನಿನ್ನ ಗಡಿಯಾರದಾಗ ಆಗಿರಬೇಕು. ಆ ಅಕ್ಕೋರ ಹೊಟ್ಟ್ಯಾಗ ಇನ್ನೂ ಆಗಿಲ್ಲ."

"ಏನಾಗ್ಯಾದ ಆಕಿಗೆ?" ಬಸ್ಸಿನೊಳಗಿಂದ ಯಾರೋ ಕೂಗಿದರು.

ಬೇಡ ತಾಯಿ, ಹೇಳಬೇಡ, ತಲೆನೋವು ಅನ್ನು ಎಂದು ನಾನು ತಗಡಿಗೆ ಹಣೆ ಹಚ್ಚಿ ಬೇಡಿಕೊಂಡೆ. ಆಕೆ ಸುತ್ತಮುತ್ತಲ ಹೊಲಗಳಿಗೆಲ್ಲ ಕೇಳುವಂತೆ ಹೇಳಿದಳು: "ಹೊಟ್ಟಿ ಕೆಟ್ಟಾದ! ಯಾಕ, ನಿಮ್ಮ ಮನ್ಯಾಗ ಯಾರದೂ ಕೆಟ್ಟಿಲ್ಲೇನು? ನಿಮ್ಮ ಹೊಟ್ಟಿ ಏನು ಹಿತ್ತಾಳಿಲೆ ಮಾಡ್ಯಾರೇನು?"

ಬಸ್ಸು ತುಂಬ ನಗು ಎದ್ದಿತು. ನಗುವಿನ ನಡುವೆ ಒಬ್ಬ ಮುದುಕರ ದನಿ: "ನಂದು ಭಾಳ ವರ್ಷದಿಂದ ಹಿಂಗೇ ಅದವ್ವ. ನಿಲ್ಲು, ನೀ ಸರೀಬ್ಯಾಡ." ಡ್ರೈವರ್ ಇಂಜಿನ್ ಬಂದ್ ಮಾಡಿದ. ಆ ನಿಶ್ಶಬ್ದದಲ್ಲಿ ನಾನು ತಗಡಿನ ಬಾಗಿಲು ತೆಗೆದೆ.

ಆಕೆ ಕೈಗೆ ನೀರು ಹಾಕಿದಳು, ಸೋಪು ಕೊಟ್ಟಳು. ಒಳಗಿನಿಂದ ಸ್ಟೀಲ್ ಲೋಟದಲ್ಲಿ ಕುಡಿಯುವ ನೀರು ತಂದು ಹಿಡಿದಳು. ತೆರೆದ ಬಾಗಿಲಿಂದ ಗೋಡೆಯ ಮೇಲಿನ ಬುದ್ಧನ ಪಟ ಕಾಣುತ್ತಿತ್ತು. ನಾನು ಲೋಟದ ಕಡೆಗೆ ಕೈ ಚಾಚಿ ಅರೆಕ್ಷಣ ತಡೆದೆ. ಕುದಿಸದ ನೀರು ಮುಟ್ಟಬಾರದು ಎಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ ಅದು, ಅಷ್ಟೇ. ಆದರೆ ಆಕೆಯ ಮುಖ ಬದಲಾಯಿತು. ಅಷ್ಟು ಹೊತ್ತು ಬಸ್ಸಿನೆದುರು ಗರ್ಜಿಸಿದವಳು ಬಹಳ ಮೆತ್ತಗೆ, "ಕುಡೀತೀರೇನ್ರಿ ನಮ್ಮನಿ ನೀರು?" ಅಂದಳು.

ಆ ಪ್ರಶ್ನೆಯ ಅರ್ಥ ನಮ್ಮ ಕಡೆಯವರಿಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಲೋಟ ತೆಗೆದುಕೊಂಡು ಪೂರ್ತಿ ಕುಡಿದೆ. ರಸೂಲ್ ಸಾಬ್ ಕರೆದರು, ಓಡಿದೆ.

ಬಸ್ಸು ಹತ್ತುವಾಗ ಮುಖ ಎತ್ತಲಾರದೆ ಹತ್ತಿದೆ. ಕೂತ ಮೇಲೆ ಹಿಂದಿನ ಸೀಟಿನ ಮುದುಕರು ಭುಜ ತಟ್ಟಿ ಅಂಗೈಯಲ್ಲಿ ಅಜವಾನ ಇಟ್ಟರು. ಪಕ್ಕದ ಹೆಂಗಸು, "ನಮ್ಮ ಮಗಳಿಗೂ ಹಿಂಗೇ ಆಗ್ತದ್ರಿ, ಪರೀಕ್ಷಾ ಬಂದ್ರ ಸಾಕು" ಎಂದು ಶುರುಮಾಡಿದಳು. ಅದಕ್ಕೆ ಇನ್ನೊಬ್ಬರು ಸೇರಿದರು. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ಆ ಬಸ್ಸಿನಲ್ಲಿ ಹೊಟ್ಟೆಯ ಗುಟ್ಟು ಯಾರಲ್ಲೂ ಉಳಿದಿರಲಿಲ್ಲ. ಎಲ್ಲರದೂ ನನ್ನ ರೋಗವೇ ಅಂತಲ್ಲ. ಒಬ್ಬರ ಮಾತು ಕೇಳಿ, "ರಕ್ತ ಹೋಗ್ತದಂದ್ರ ನಾಳೀನೇ ಡಾಕ್ಟರಿಗೆ ತೋರಿಸ್ರಿ" ಎಂದು ನಾನೇ ಗದರಿಸಿದೆ. ಕೊನೆಗೆ ರಸೂಲ್ ಸಾಬ್ ಟಿಕೆಟ್ ಯಂತ್ರ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತರು.

"ಡ್ಯೂಟಿ ಇದ್ದಾಗ ನಾ ಮುಂಜಾನೆ ಏನೂ ತಿನ್ನಂಗಿಲ್ರಿ ಟೀಚರ್. ಹೆದರಿಕಿ. ನೀವಾದ್ರೂ ಇಳದ್ರಿ. ಕಂಡಕ್ಟರೇ ಇಳದ್ರ ಸೀಟಿ ಊದೋರ್ಯಾರು?"

"ಖಾಲಿ ಹೊಟ್ಟೀಲೆ ಬರಬ್ಯಾಡ್ರಿ, ಇವತ್ತ ನಾ ಅದಕ್ಕೇ ಸಿಕ್ಕಿಬಿದ್ದೆ" ಅಂದೆ. ಇಷ್ಟು ದಿನ ಒಬ್ಬರಿಗೊಬ್ಬರು ಚಿಲ್ಲರೆಯ ಹೊರತು ಬೇರೇನೂ ಮಾತಾಡಿರಲಿಲ್ಲ ನಾವು.

ಶಾಲೆಯಲ್ಲಿ ಅಧಿಕಾರಿಗಳು ಆಗಲೇ ಬಂದು ಕೂತಿದ್ದರು. ತಡವಾದದ್ದಕ್ಕೆ ಕಾರಣ ಹೇಳಬೇಕು. ಬಸ್ಸು ತುಂಬ ಜನಕ್ಕೆ ಗೊತ್ತಾದದ್ದನ್ನು ಇನ್ನಿಬ್ಬರಿಂದ ಮುಚ್ಚಿಟ್ಟು ಏನು ಸಾಧಿಸಲಿ? "ನನಗ ಕರುಳಿನ ತೊಂದರೆ ಇದೆ ಸರ್. ಬಹಳ ದಿನದ್ದು. ಪಾಠದ ನಡುವೆ ಹೊರಗೆ ಹೋಗಬೇಕಾಗಬಹುದು" ಎಂದೆ. ಅವರು ಸಾವಕಾಶವಾಗಿ, "ಅಗತ್ಯ ಬಿದ್ರ ಹೋಗಿ ಬರ್ರಿ ಮೇಡಂ, ಅದರಾಗೇನದ" ಅಂದರು. ಅಷ್ಟೇ. ವರ್ಷಗಟ್ಟಲೆ ನಾನು ಹೆದರಿದ್ದು ಇಷ್ಟು ಚಿಕ್ಕ ಉತ್ತರಕ್ಕೆ! ಪಾಠ ಮಾಡಿದೆ. ಹೋಗುವ ಅಗತ್ಯ ಬೀಳಲಿಲ್ಲ. ಹೋಗಬಹುದು ಎಂದು ಗೊತ್ತಾದ ಮೇಲೆ ನನ್ನ ಕರುಳು ಹೋಗಬೇಕು ಎಂದು ಹಟ ಹಿಡಿಯುವುದನ್ನು ಎಷ್ಟೋ ಕಡಿಮೆ ಮಾಡಿದೆ. ಇದು ಆ ದಿನದಿಂದ ಇಂದಿನವರೆಗೂ ನಾನು ಕಂಡ ಸತ್ಯ. ನೌಕರಿ ಬಿಡುವ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಆದರೆ ಆ ಹೆಂಗಸಿನ ಮುಖ ಮರೆಯಲಾಗಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ವಾಪಸು ಬರುವಾಗ ಬೇಕೆಂದೇ ಅಲ್ಲಿ ಇಳಿದೆ. ಹೆಸರು ಕೇಳಿದೆ, ಚಂದಮ್ಮ ಅಂದಳು. ಮೆಣಸಿನಕಾಯಿ ಚೀಲ ತುಂಬುತ್ತಿದ್ದಳು. ನಾನು ನೇರವಾಗಿ ಹೇಳಿದೆ.

"ಅವತ್ತ ನೀರು ಕುಡಿಯೂ ಮುಂದ ತಡದೆ ನೋಡ್ರಿ, ಅದು ನೀವು ತಿಳಕೊಂಡಂಗಲ್ಲ. ನನಗ ಕುದಿಸಿದ ನೀರಿಲ್ಲದಿದ್ರ ಹೆದರಿಕಿ ಆಗ್ತದ. ನಮ್ಮನಿ ನಳದ ನೀರೂ ನಾ ಹಂಗ ಕುಡಿಯಂಗಿಲ್ಲ."

"ನಾ ಏನು ತಿಳಕೊಂಡೆ ಅಂತ ನಿಮಗ ಹ್ಯಾಂಗ ಗೊತ್ತಾತು?"

"ನಿಮ್ಮ ಮುಖ ಹೇಳ್ತು."

ಚಂದಮ್ಮ ಚೀಲದ ಬಾಯಿ ಕಟ್ಟಿದಳು. "ಮಂದಿ ನೂರು ನೆವ ಹೇಳ್ತಾರ್ರಿ ಅಕ್ಕೋರೆ. ಉಪವಾಸ ಅಂತಾರ, ಈಗಷ್ಟೇ ಉಂಡೀನಿ ಅಂತಾರ, ಹೊಟ್ಟಿ ಸರಿ ಇಲ್ಲ ಅಂತಾರ. ಯಾವುದು ಖರೇ, ಯಾವುದು ಸುಳ್ಳು, ನಾ ಹ್ಯಾಂಗ ಹೇಳ್ಲಿ?"

ಹಾಗೆ ನೆವ ಹೇಳುವವರು ನಮ್ಮ ಓಣಿಯಲ್ಲೇ ಇದ್ದಾರೆ, ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಸುಳ್ಳು ಹೊಟ್ಟೆನೋವು ನನ್ನ ನಿಜವಾದ ಹೊಟ್ಟೆನೋವಿನ ಬೆಲೆಯನ್ನೂ ತೆಗೆದಿತ್ತು. ಕಟ್ಟೆಯ ಮೇಲೆ ಕೂತೆ. ಚಂದಮ್ಮ ಒಳಗೆ ಹೋಗಿ ಒಲೆಯ ಮೇಲೆ ಪಾತ್ರೆಯಿಟ್ಟಳು. ನೀರು ಕಳಕಳ ಕುದಿಯುವವರೆಗೆ ಅಲ್ಲೇ ನಿಂತು, ಆರಿಸಿ, ಲೋಟಕ್ಕೆ ಹಾಕಿ ತಂದಳು.

"ಕುದಿಸೀನಿ. ಈಗ ಯಾವ ನೆವ ಹೇಳ್ತೀರಿ?"

ಇಬ್ಬರೂ ನಕ್ಕೆವು. ಎರಡು ಲೋಟ ಕುಡಿದೆ.

ಈಗ ನನ್ನ ಹೊಟ್ಟೆ ಹೇಗಿದೆ ಎಂದು ಕೇಳುತ್ತೀರಾದರೆ, ಇದೆ. ರೋಗವೂ ಇದೆ. ಕೆಲವು ತಿಂಗಳು ಸುಮ್ಮನಿರುತ್ತದೆ, ಕೆಲವು ವಾರ ಕಾಡುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಸಂಜೆ ನಡೆಯುತ್ತೇನೆ, ಕಾಡಿದಾಗ ವೈದ್ಯರು ಬರೆದುಕೊಟ್ಟ ಗುಳಿಗೆ ತೆಗೆದುಕೊಳ್ಳುತ್ತೇನೆ. ಎಲ್ಲಿಗೆ ಹೋದರೂ, ನನಗೆ ಇಂಥದ್ದು ಆಗದು, ಇಂಥದ್ದು ಆಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಡ್ರಾವರಿನ ಮುಲಾಮು ಒಣಗಿಹೋಗಿದೆ.

ಹೋದ ವರ್ಷ ಚಂದಮ್ಮನ ಮಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಬಂಧುಬಳಗಕ್ಕೆ ಊಟ ಹಾಕುವ ದಿನ. ನನ್ನನ್ನೂ ಕರೆದಿದ್ದಳು. ಹೆಂಗಸರ ಪಂಗ್ತಿಯಲ್ಲಿ ಕೂತೆ. ಚಂದಮ್ಮ ಅಂಗಳದಲ್ಲಿ ಗಂಡಸರಿಗೆ ಬಡಿಸುವ ಗಡಿಬಿಡಿಯಲ್ಲಿದ್ದಳು. ನಮಗೆ ಬಡಿಸುತ್ತಿದ್ದವಳು ಅವಳ ಸೋದರತ್ತೆ, ಬಾಗಿದ ಬೆನ್ನಿನ ಅಜ್ಜಿ. ಆಕೆ ಮೊದಲು ತಂದದ್ದು ಕಡಲೆಬೇಳೆಯ ಹೋಳಿಗೆ, ಮೇಲೆ ತುಪ್ಪ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

ಅಜ್ಜಿಯ ಕೈ ನಿಂತಿತು. ಅತ್ತಿತ್ತ ಕೂತವರು ನನ್ನ ಕೈಯನ್ನೇ ನೋಡಿದರು. ಅಜ್ಜಿ ಯಾರಿಗೋ ಅನ್ನುವಂತೆ, "ಮುಟ್ಟಂಗಿಲ್ಲ ಬಿಡು, ಅವ್ರು" ಅಂದಳು.

ಚಂದಮ್ಮ ಬಂದು ನನ್ನ ಪರವಾಗಿ ಹೇಳಲಿ ಎಂದು ಕಾಯಬೇಕೆನಿಸಲಿಲ್ಲ.

"ಅಜ್ಜಿ, ಇಲ್ಲಿ ಕೇಳ್ರಿ" ಎಂದೆ, ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ದನಿಯಲ್ಲಿ. "ನನ್ನ ಕರುಳಿಗೆ ಒಂದು ರೋಗ ಅದ. ಭಾಳ ವರ್ಷ ಆತು, ಹೋಗಂಗಿಲ್ಲ ಅದು. ಕಡ್ಲಿಬ್ಯಾಳಿ ತಿಂದ್ರ ನಾ ಈ ಪಂಗ್ತ್ಯಾಗಿಂದ ಎದ್ದು ಓಡಬೇಕಾಗ್ತದ. ನಮ್ಮವ್ವ ಮಾಡಿದ ಹೋಳಿಗೀನೂ ತಿನ್ನಂಗಿಲ್ಲ, ನನ್ನ ಮದುವಿ ಹೋಳಿಗಿ ಈಗ ಹಾಕಿದ್ರೂ ತಿನ್ನಂಗಿಲ್ಲ. ರೊಟ್ಟಿ ತರ್ರಿ, ಬದನಿಕಾಯಿ ಪಲ್ಯಾ ತರ್ರಿ. ಎಷ್ಟು ತಿಂತೀನಿ ನಿಂತು ನೋಡ್ರಿ."

ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನೆವವೋ ನಿಜವೋ ಎಂದು ತೂಗುತ್ತಿದ್ದಳು. ಆಮೇಲೆ ಹೋಳಿಗೆಯ ಬುಟ್ಟಿಯನ್ನು ಪಕ್ಕದವಳ ಕೈಗೆ ಕೊಟ್ಟು ಒಳಗೆ ಹೋದಳು. ಒಂದು ಬಿಸಿ ಜೋಳದ ರೊಟ್ಟಿ ತಂದು ಎಲೆಗೆ ಹಾಕಿದಳು, ಪಲ್ಯ ಹಾಕಿದಳು. ಹಾಕಿ, ಬೇರೆ ಎಲೆಗೆ ಹೋಗದೆ ಅಲ್ಲೇ ನನ್ನೆದುರು ಕುಕ್ಕರಗಾಲಿನಲ್ಲಿ ಕೂತಳು. ನಾನು ತಿಂದೆ. ಕೊನೆಯ ಚೂರಿನವರೆಗೆ ಆಕೆ ಕಣ್ಣು ತೆಗೆಯಲಿಲ್ಲ.

ಎಲೆ ಖಾಲಿಯಾಯಿತು. ಅಜ್ಜಿ ಎದ್ದು ಹೋಗಿ ಇನ್ನೊಂದು ರೊಟ್ಟಿ ತಂದಳು. ಬೇಕೇ ಎಂದು ಕೇಳಲಿಲ್ಲ. ನಾನೂ ಸಾಕು ಅನ್ನಲಿಲ್ಲ.